ಸಿಡಿಲಿನ ಕವಲು

ಮಂಗಳೂರಿಗರು ಮಳೆಗೆ ಅಂಜುವವರಲ್ಲ. ಜೂನ್ ತಿಂಗಳಿನಿಂದ ಮೂರು ತಿಂಗಳ ಕಾಲ ಆಕಾಶವೇ ಹರಿದುಬಿದ್ದರೂ ಕೊಡೆ ಹಿಡಿದು ಹಂಪನಕಟ್ಟೆಗೆ ಹೋಗಿಬರುತ್ತಾರೆ. ಅವರು ಅಂಜುವುದು ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ ತಿಂಗಳ ಸಂಜೆಗಳಿಗೆ, ಮತ್ತೆ ಅಕ್ಟೋಬರಿನ ಸಂಜೆಗಳಿಗೆ. ಘಟ್ಟದ ಕಡೆಯಲ್ಲಿ ಮೋಡ ಕಪ್ಪಿಡುತ್ತದೆ. ಗಾಳಿ ತಟ್ಟನೆ ನಿಲ್ಲುತ್ತದೆ. ಇಂದಿನ ಮನೆಗಳಲ್ಲಿ ಟೆಲಿವಿಷನ್ನಿನ ಪ್ಲಗ್ಗನ್ನು ಕೀಳುತ್ತಾರೆ. ನಮ್ಮ ಅಜ್ಜಿ ಅಂಗಳಕ್ಕೆ ಕಬ್ಬಿಣದ ಕತ್ತಿಯೊಂದನ್ನು ಎಸೆಯುತ್ತಿದ್ದರು. ಇವೆರಡರಲ್ಲಿ ಮೊದಲನೆಯದರಿಂದ ಪ್ರಯೋಜನವುಂಟು.

ಚಿಕ್ಕಪ್ಪನಿಗೆ ಸಿಡಿಲು ತಾಗಿದ್ದು 1962ರ ಮೇ ತಿಂಗಳಿನಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ, ನನಗೆ ಎಂಟು. ಬಂಟ್ವಾಳದ ಆಚೆಗಿನ ನಮ್ಮ ಅಡಕೆಯ ತೋಟದಲ್ಲಿ ಮರವೊಂದು ಸೀಳಿಹೋಯಿತು. ಅದರಿಂದ ನಾಲ್ಕು ಮಾರು ದೂರದಲ್ಲಿದ್ದ ಚಿಕ್ಕಪ್ಪ ಬಿದ್ದರು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಅಂಗಿ ತೆಗೆದಾಗ ಅವರ ಎಡ ಭುಜದಿಂದ ಬೆನ್ನಿನವರೆಗೆ ಕೆಂಪು ಬಣ್ಣದ ಜರೀಗಿಡವೊಂದು ಹಬ್ಬಿತ್ತು: ನಡುವೆ ದಂಟು, ಅದಕ್ಕೆ ಕವಲು, ಕವಲಿಗೆ ಮರಿಗವಲು. ಯಾರೋ ಕೂತು ಬರೆದಂತಿತ್ತು. ಮರುದಿನ ಸಂಜೆಗೆ ಅದು ಮಾಸಿಹೋಯಿತು.

ಗುರುತು ಮಾಸಿದರೂ ಸುದ್ದಿ ಮಾಸಲಿಲ್ಲ. ದೈವದ ಮುನಿಸು ಮೈಮೇಲೆ ಮೂಡಿದೆಯೆಂದು ಊರಿನಲ್ಲಿ ಮಾತಾಯಿತು. ನಿಶ್ಚಯವಾಗಿದ್ದ ಸಂಬಂಧವನ್ನು ಹೆಣ್ಣಿನ ಕಡೆಯವರು ಸದ್ದಿಲ್ಲದೆ ಬಿಟ್ಟರು. ಬಳಿಕ ಬಂದ ಎರಡು ಸಂಬಂಧಗಳೂ ಹಾಗೆಯೇ ಕೈಬಿಟ್ಟವು. ಚಿಕ್ಕಪ್ಪ ಮಂಗಳೂರಿಗೆ ಬಂದರು, ಲೆಕ್ಕ ಬರೆಯುವ ಕೆಲಸ ಹಿಡಿದರು, ಒಂಟಿಯಾಗಿಯೇ ಉಳಿದರು. ಈಗ ಕದ್ರಿಯಲ್ಲಿ ನಮ್ಮೊಡನೆ ಇದ್ದಾರೆ. ಆ ವಿಷಯವನ್ನು ಅವರು ಎತ್ತಿದವರಲ್ಲ, ನಾವೂ ಕೇಳಿದವರಲ್ಲ.

ಮೊಮ್ಮಗಳು ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಳೆ. 1960ರಲ್ಲಿ ಆರಂಭವಾದ ಕಾಲೇಜು ಅದು. ಈಗ ಅದಕ್ಕೆ ರಾಷ್ಟ್ರೀಯ ಸಂಸ್ಥೆಯೆಂಬ ದೊಡ್ಡ ಹೆಸರು. ರಜೆಯಲ್ಲಿ ಬಂದವಳು ಒಂದು ರಾತ್ರಿ ಗಣಕಯಂತ್ರದ ಮುಂದೆ ಕುಳಿತಿದ್ದಾಗ, ಪರದೆಯ ಮೇಲೆ ಅದೇ ಜರೀಗಿಡ ತಾನೇ ತಾನಾಗಿ ಬೆಳೆಯುವುದನ್ನು ಕಂಡು ನಾನು ನಿಂತುಬಿಟ್ಟೆ.

“ಇದೇನಮ್ಮಾ?” ಎಂದೆ.

“ಸಿಡಿಲಜ್ಜ. ಲೆಕ್ಕದ ಸಿಡಿಲು,” ಎಂದಳು.

ಅವಳು ತಿಳಿಸಿದ್ದರ ಸಾರಾಂಶ ಇಷ್ಟು. ಜರ್ಮನಿಯ ಗಟಿಂಗೆನ್ ನಗರದ ಪ್ರಾಧ್ಯಾಪಕ ಲಿಖ್ಟೆನ್‌ಬರ್ಗ್ ಎಂಬಾತನು 1777ರಲ್ಲಿ, ವಿದ್ಯುತ್ತು ಹಾಯ್ದ ರಾಳದ ಬಿಲ್ಲೆಯ ಮೇಲೆ ಧೂಳು ಕುಳಿತು ಕವಲೊಡೆದ ಚಿತ್ರಗಳಾಗುವುದನ್ನು ಕಂಡನು. ಗಾಳಿಯು ಸಾಧಾರಣವಾಗಿ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಒತ್ತಡ ಬಿದ್ದಾಗ ಮಾತ್ರ ಸೋಲುತ್ತದೆ. ಹಾಗೆ ಸೋತ ದಾರಿಯ ತುದಿಯಲ್ಲಿ ಒತ್ತಡ ಇನ್ನಷ್ಟು ಹೆಚ್ಚುವುದರಿಂದ ತುದಿಯೇ ಮುಂದಕ್ಕೆ ಚಾಚುತ್ತದೆ. ಚಾಚಿದ್ದೇ ಮತ್ತೆ ಚಾಚುತ್ತದೆ. ಉಳ್ಳವನಿಗೇ ಸಾಲ ಸಿಗುವ ಲೋಕನೀತಿ ಮೋಡದಲ್ಲಿಯೂ ಇದೆಯೆಂದಾಯಿತು!

ಇದನ್ನು ಲೆಕ್ಕಕ್ಕೆ ಇಳಿಸಿದವರು ನೀಮಾಯರ್, ಪಿಯೆತ್ರೊನೇರೊ, ವೀಸ್ಮನ್ ಎಂಬ ಮೂವರು, 1984ರಲ್ಲಿ. ಚದುರಂಗದ ಹಲಗೆಯಂತೆ ಮನೆಗಳನ್ನು ಹಾಕಿ, ನಡುಮನೆಯಲ್ಲಿ ಒಂದು ಚುಕ್ಕೆಯನ್ನಿಟ್ಟು, ಸುತ್ತಲಿನ ವೃತ್ತಕ್ಕೆ ವೋಲ್ಟೇಜು ಕೊಡಬೇಕು. ಚುಕ್ಕೆಗೆ ತಾಗಿದ ಪ್ರತಿಯೊಂದು ಮನೆಯಲ್ಲಿ ಒತ್ತಡವೆಷ್ಟೆಂದು ಯಂತ್ರವು ಗುಣಿಸಿ, ಬಳಿಕ ಚೀಟಿ ಎತ್ತುತ್ತದೆ. ಒತ್ತಡ ಹೆಚ್ಚಿದ್ದ ಮನೆಯ ಹೆಸರಿನಲ್ಲಿ ಹೆಚ್ಚು ಚೀಟಿಗಳು. ಗೆದ್ದ ಮನೆ ಮರಕ್ಕೆ ಸೇರಿತು; ಮತ್ತೆ ಮೊದಲಿನಿಂದ ಲೆಕ್ಕ. ಸಾವಿರಾರು ಸಲ ಹೀಗಾದರೆ ಮರ ಹಬ್ಬುತ್ತದೆ. ಇಡೀ ಮರದ ನಕ್ಷೆ ಯಾರ ಬಳಿಯಲ್ಲಿಯೂ ಇಲ್ಲ. ಒತ್ತಡಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಒಂದು ಘಾತಾಂಕ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಸೊನ್ನೆ ಮಾಡಿದರೆ ಎಲ್ಲ ಮನೆಗಳೂ ಸಮಾನ, ಬರುವುದು ಇಡ್ಲಿಯಂಥ ಮುದ್ದೆ. ಬಹಳ ಹೆಚ್ಚಿಸಿದರೆ ಅಡಕೆಮರದಂತೆ ನೆಟ್ಟನೆಯ ಒಂದೇ ಗೆರೆ. ಒಂದು ಎಂದಿಟ್ಟರೆ ಜರೀಗಿಡ. ಗೆರೆಯ ಆಯಾಮ 1, ಹಾಳೆಯ ಆಯಾಮ 2. ಈ ಗಿಡದ್ದು 1.7ರ ಆಸುಪಾಸು, ಅತ್ತ ಗೆರೆಯೂ ಅಲ್ಲ, ಇತ್ತ ಹಾಳೆಯೂ ಅಲ್ಲ.

ನಿಜವಾದ ಸಿಡಿಲಿನ ಬಿಸಿ, ವೇಗ, ಸದ್ದು ಯಾವುದೂ ಇದರಲ್ಲಿಲ್ಲವೆಂದು ಅವಳೇ ಹೇಳಿದಳು. ಮೈಮೇಲಿನ ಗುರುತು ಮೂಡುವ ಬಗೆಯ ವಿಚಾರದಲ್ಲಿ ವೈದ್ಯರಲ್ಲಿಯೂ ಒಮ್ಮತವಿಲ್ಲವಂತೆ. ಆದರೂ ಆ ಗುರುತಿಗೆ ವೈದ್ಯಗ್ರಂಥಗಳಲ್ಲಿ ಲಿಖ್ಟೆನ್‌ಬರ್ಗನ ಹೆಸರೇ ಇದೆ. ಅದು ಒಂದೆರಡು ದಿನಗಳಲ್ಲಿ ಮಾಸುವುದೆಂದೂ ಬರೆದಿದೆ. ದೇಶದೇಶಗಳಲ್ಲಿ ಸಿಡಿಲು ತಾಗಿ ಬದುಕಿದವರ ಮೈಮೇಲೆ ಕಂಡ ಗುರುತು ಅದು. ದೈವಕ್ಕೆ ಅಷ್ಟು ಮಂದಿಯ ಮೇಲೆ ಮುನಿಸಿರಲಾರದು.

ನಾನು ಚಿಕ್ಕಪ್ಪನನ್ನು ಕರೆದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರು ಏನೂ ಹೇಳದಿದ್ದುದರಿಂದ ಹುಡುಗಿಗೆ ಕಸಿವಿಸಿಯಾಯಿತು.

“ಇನ್ನೊಂದು ಸಲ ಮಾಡು,” ಎಂದರು ಕಡೆಗೆ.

ಮಾಡಿದಳು. ಮರ ಬೇರೆಯಾಯಿತು. ನಿಯಮ ಅದೇ ಆದರೂ ಚೀಟಿ ಬೇರೆ ಬೀಳುವುದರಿಂದ ಒಂದರಂತೆ ಮತ್ತೊಂದು ಬರುವುದಿಲ್ಲ, ಚಿಕ್ಕಜ್ಜ, ಎಂದು ವಿವರಿಸಿದಳು. ಅವರು ತಲೆದೂಗಿ, ಇನ್ನೊಂದು, ಮತ್ತೊಂದು ಎಂದು ಮಾಡಿಸುತ್ತಲೇ ಹೋದರು. ಒಂಬತ್ತನೆಯದಕ್ಕೆ ಕೈ ತೋರಿಸಿದರು.

“ಇದನ್ನು ಕಾಗದಕ್ಕೆ ತೆಗೆದುಕೊಡು. ನನ್ನದರಲ್ಲಿ ಎಡಗಡೆಯ ಕವಲು ಇನ್ನೂ ಸ್ವಲ್ಪ ಉದ್ದವಿತ್ತು. ಕನ್ನಡಿ ಹಿಡಿದು ನೋಡಿಕೊಂಡಿದ್ದೆ.”