ಕಷಾಯ ಇಳಿಯುವ ದಾರಿ

ಗಂಟಲು ಕಟ್ಟಿದೆ ಅಂತ ಗೊತ್ತಾದ್ರೆ ಸಾಕು, ನಮ್ಮಲ್ಲಿ ಎಲ್ಲರೂ ವೈದ್ಯರೇ. ಬೇರೆ ಯಾವ ಕಾಯಿಲೆಗೂ ಈ ಮರ್ಯಾದೆ ಇಲ್ಲ. ಕಣ್ಣು ಕೆಂಪಾದ್ರೆ "ಡಾಕ್ಟ್ರಿಗೆ ತೋರ್ಸು" ಅಂತಾರೆ, ಹಲ್ಲುನೋವು ಅಂದ್ರೆ "ಕೀಳಿಸಿಬಿಡು" ಅಂತಾರೆ. ಗಂಟಲು ಅಂದ್ರೆ ಮಾತ್ರ ಅಡುಗೆಮನೆಯ ಅಷ್ಟೂ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದುಕೊಳ್ಳುತ್ತೆ.

ಕಳೆದ ತಿಂಗಳು ಶೀತ ಬಂದು, ಅದರ ಹಿಂದೆಯೇ ನನ್ನ ಸ್ವರವೂ ನಾಲ್ಕು ದಿನ ನಾಪತ್ತೆಯಾಗಿತ್ತು. ಬೆಳಗಿನ ಆಫೀಸ್ ಕಾಲ್‌ನಲ್ಲಿ ಬಾಯಿ ತೆಗೆದರೆ ಬರೀ ಗಾಳಿ. "ಮ್ಯೂಟ್‌ನಲ್ಲಿದ್ದೀಯ ನೋಡು" ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಲ್ಯಾಪ್‌ಟಾಪ್ ಸರಿಯಾಗೇ ಇತ್ತು, ಮ್ಯೂಟ್ ಆಗಿದ್ದು ನಾನು :)

ಸರಿ, ಸಲಹೆಗಳು ಶುರುವಾದವು. ಕೆಳಗಿನ ಮನೆಯ ಆಂಟಿ ಅರಿಶಿನ, ಕಾಳುಮೆಣಸು ಹಾಕಿದ ಬಿಸಿ ಹಾಲು ತಂದುಕೊಟ್ಟರು. ರೂಮ್‌ಮೇಟ್ ಲವಂಗ, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೋ ಅಂದ. ಪಕ್ಕದ ಟೀಮಿನವರೊಬ್ಬರು ಜ್ಯೇಷ್ಠಮಧುವಿನ ಒಂದು ತುಂಡು ಕಡ್ಡಿಯನ್ನು ಪ್ರಸಾದದ ಹಾಗೆ ಕೈಗಿಟ್ಟರು. ಊರಿಂದ ಅಜ್ಜಿ, ದೊಡ್ಡಪತ್ರೆ ಎಲೆ ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಜೇನುತುಪ್ಪದ ಜೊತೆ ನೆಕ್ಕು ಅಂದ್ಲು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೆಂಡ ಎಲ್ಲಿಂದ ತರೋದು ಅಂತ ಕೇಳೋಣ ಅಂದ್ರೆ ಸ್ವರವೇ ಇಲ್ಲ! ಅಮ್ಮನ ಮೆಸೇಜು ಮಾತ್ರ ಒಂದೇ ಸಾಲು: "ಕಷಾಯ ಕುಡಿ. ಬಾಯಿ ಮುಚ್ಕೊಂಡಿರು."

ಈ ಎರಡನೇ ವಾಕ್ಯ ಅಮ್ಮ ದುಡ್ಡು ಕೊಟ್ಟು ಕಲಿತದ್ದು. ಅದನ್ನು ಹೇಳೋಕೆ ಮೊದಲು ಕಷಾಯದ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು.

ನಾವು ಕುಡಿದ ಯಾವ ಕಷಾಯವೂ ನಮ್ಮ ಸ್ವರತಂತುಗಳನ್ನು ಮುಟ್ಟೋದಿಲ್ಲ. ಸ್ವರತಂತುಗಳಿರೋದು ಶ್ವಾಸನಾಳದ ಬಾಯಲ್ಲಿ, ಕಷಾಯ ಇಳಿಯೋದು ಅದರ ಹಿಂದಿರುವ ಅನ್ನನಾಳದಲ್ಲಿ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆದ್ದು ಬಾಗಿಲು ಹಾಕಿಕೊಳ್ಳುತ್ತೆ. ಒಂದು ಹನಿ ದಾರಿ ತಪ್ಪಿದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ನೆತ್ತಿಗೆ ಹತ್ತಿ, ಕಣ್ಣಲ್ಲಿ ನೀರು ಬಂದು, ಪಕ್ಕದವರು "ಯಾರೋ ನೆನೆಸಿಕೊಂಡ್ರು" ಅಂತಾರಲ್ಲ, ಅದೇ.

ಹಾಗಂತ ಮನೆಮದ್ದು ದಂಡ ಅಂತಲ್ಲ. ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಗಂಟಲಿನ ಕೆರೆತ ಇಳಿಯುತ್ತೆ. ಜೇನುತುಪ್ಪ ಕೆಮ್ಮನ್ನು ಸ್ವಲ್ಪ ತಣಿಸುತ್ತೆ (ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಕೊಡಲೇಬಾರದು). ಜ್ಯೇಷ್ಠಮಧು ಹಿತವೇ, ಆದ್ರೆ ದಿನಾ ಜಗಿಯುತ್ತಾ ಹೋದರೆ ಬಿ.ಪಿ. ಏರಿಸುತ್ತೆ. ಬಿಸಿನೀರಿನ ಹಬೆ ಮಾತ್ರ ಸ್ವರತಂತುಗಳ ದಾರಿಯಲ್ಲೇ ಹೋಗುತ್ತೆ. ವೈರಸ್ಸನ್ನೇನೂ ಕೊಲ್ಲದಿದ್ದರೂ ಒಣಗಿದ ಗಂಟಲಿಗೆ ಆ ಹೊತ್ತಿಗೆ ಹಾಯೆನಿಸುತ್ತೆ. ಆದರೆ ಕುದಿಯುವ ಪಾತ್ರೆಗೆ ಮುಖ ಕೊಟ್ಟು ಸುಟ್ಟುಕೊಂಡವರೂ ಇದ್ದಾರೆ, ಹುಷಾರು.

ಶೀತದಿಂದ ಹೋದ ಸ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ವಾಪಸ್ ಬರುತ್ತೆ. ವೈರಸ್‌ನಿಂದ ಆಗಿದ್ದಕ್ಕೆ ಆಂಟಿಬಯಾಟಿಕ್ ನುಂಗಿ ಪ್ರಯೋಜನ ಇಲ್ಲ. ಮಾತಾಡುವಾಗ ಸ್ವರತಂತುಗಳು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಊದಿಕೊಂಡಾಗ ಅವು ನೆನೆದ ಹಗ್ಗದ ಹಾಗೆ ಭಾರವಾಗಿ, ಸರಿಯಾಗಿ ಸೇರದೆ ಗಾಳಿ ಸೋರುತ್ತೆ. ಆಗ ಬೇಕಾಗಿರೋದು ನೀರು ಮತ್ತು ಮೌನ. ಪಿಸುಗುಟ್ಟಿದರೆ ಸ್ವರಕ್ಕೆ ವಿಶ್ರಾಂತಿ ಅಂದ್ಕೊಳ್ಳೋದು ಸುಳ್ಳು. ಬಲವಂತವಾಗಿ ಪಿಸುಗುಟ್ಟುವುದೂ ಗಂಟಲಿಗೆ ದುಡಿಮೆಯೇ. ಪದೇ ಪದೇ ಖಾಕರಿಸೋದು ಇನ್ನೂ ಕೆಟ್ಟದ್ದು.

ಈಗ ಅಮ್ಮನ ವಿಷಯ.

ಅಮ್ಮ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಟೀಚರ್. ನಲಿ-ಕಲಿ ತರಗತಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಹಾಡು, ಕಥೆ, ಕುಣಿತ. ಜೂನ್ ಬಂತು ಅಂದ್ರೆ ಅಮ್ಮನ ಸ್ವರ ಒಡೆಯುತ್ತಿತ್ತು, ಅಕ್ಟೋಬರ್ ಹೊತ್ತಿಗೆ ಕೂಡುತ್ತಿತ್ತು. "ಮಳೆಗಾಲದ ಥಂಡಿ" ಅನ್ನೋದು ಅಮ್ಮನ ತೀರ್ಮಾನ. ರಾತ್ರಿ ಒಂದು ಲೋಟ ಶುಂಠಿ-ಮೆಣಸಿನ ಕಷಾಯ, ಬೆಳಿಗ್ಗೆ ಮತ್ತೆ ಶಾಲೆ.

2022ರಲ್ಲಿ ಅಕ್ಟೋಬರ್ ಬಂದರೂ ಸ್ವರ ಕೂಡಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ದೇವರ ಮುಂದೆ ಅಮ್ಮ ಹಾಡಲೇ ಇಲ್ಲ. ಪ್ರತಿವರ್ಷ ಹಾಡುವವಳು ಸುಮ್ಮನೆ ಆರತಿ ಎತ್ತಿ ಒಳಗೆ ಹೋದಳು. ಅಪ್ಪ ನನ್ನ ಮುಖ ನೋಡಿದರು. ಯಾರೂ ಆ ಕೆಟ್ಟ ಕಾಯಿಲೆಯ ಹೆಸರು ಎತ್ತಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಇತ್ತು.

ಶಿವಮೊಗ್ಗದಲ್ಲಿ ಇಎನ್‌ಟಿ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡೂ ಸ್ವರತಂತುಗಳ ನಡುಭಾಗದಲ್ಲಿ, ಎದುರುಬದುರಾಗಿ, ಅಕ್ಕಿಕಾಳಿಗಿಂತ ಸಣ್ಣ ಎರಡು ಗಂಟು. "ಹೆದರಬೇಡಿ, ಕ್ಯಾನ್ಸರ್ ಅಲ್ಲ. ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುತ್ತಲ್ಲ, ಹಾಗೆ. ಟೀಚರ್‌ಗಳಲ್ಲಿ ಇದು ಮಾಮೂಲು" ಅಂದರು. ಅಪ್ಪ ಹೊರಗೆ ಬಂದು ಎರಡು ಸಲ ಮೂಗು ಒರೆಸಿಕೊಂಡರು. ಧೂಳಂತೆ.

ಆಮೇಲೆ ಡಾಕ್ಟರು ಕೇಳಿದ ಒಂದು ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. "ಮೇಡಂ, ನಿಮ್ಮ ಶಾಲೆ ಮಾಡು ಯಾವುದು?"

ತಗಡು. ಮಲೆನಾಡಿನ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ. ಅದರ ಕೆಳಗೆ ನಿಂತು ಅಮ್ಮ ಮೂರು ಕ್ಲಾಸಿನ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು, ದಿನಾ, ನಾಲ್ಕು ತಿಂಗಳು. ಥಂಡಿ ಅಲ್ಲ, ತಗಡು!

ಆಪರೇಷನ್ ಬೇಕಾಗಲಿಲ್ಲ. ಇಂಥ ಗಂಟುಗಳಿಗೆ ಮೊದಲ ಚಿಕಿತ್ಸೆ ಸ್ವರದ ವ್ಯಾಯಾಮವೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು, ಚಿಕ್ಕಮ್ಮನ ಮನೆಯೂ ಅಲ್ಲೇ ಹತ್ತಿರ. ಒಂದು ಲೋಟ ನೀರಿಗೆ ಸ್ಟ್ರಾ ಇಟ್ಟು, ಗುಳುಗುಳು ಗುಳ್ಳೆ ಬರಿಸುತ್ತಾ ಸ್ವರ ಹೊರಡಿಸೋದು ಕಲಿಸಿದರು. ಐವತ್ತೈದು ವರ್ಷದ ಅಮ್ಮ ಎರಡು ತಿಂಗಳು ಬೆಳಿಗ್ಗೆ-ಸಂಜೆ ಜಗಲಿಯಲ್ಲಿ ಕೂತು ಗುಳ್ಳೆ ಊದಿದಳು. ಪಕ್ಕದ ಮನೆ ಹುಡುಗನಿಗೆ ಟಿವಿಗಿಂತ ಇದೇ ಚೆಂದ.

ಜೊತೆಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್, ಕೆನ್ನೆಯ ಹತ್ತಿರ ಮೈಕು ತಂದುಕೊಟ್ಟೆ. "ಪಾಠ ಮಾಡೋಕೆ ಇದೇನು ಯಕ್ಷಗಾನವೇನೋ?" ಅಂತ ಒಂದು ವಾರ ಮುಟ್ಟಲಿಲ್ಲ. ಮಕ್ಕಳು ಹಠ ಹಿಡಿದ ಮೇಲೆ ಹಾಕಿಕೊಂಡಳು.

ಸ್ವರ ಒಡೆದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಹತ್ತಿರ ಒಮ್ಮೆ ತೋರಿಸಿ. ಬೀಡಿ-ಸಿಗರೇಟು ಸೇದುವವರು, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟವಾಗುವವರು, ಕತ್ತಿನಲ್ಲಿ ಗಂಟು ಕಾಣಿಸಿದವರು ಅಷ್ಟು ದಿನವೂ ಕಾಯಬೇಡಿ. ನಿಮ್ಮ ಮನೆಯಲ್ಲಿ ಟೀಚರ್ ಇದ್ದರೆ, ಅವರ ಕ್ಲಾಸಿನ ಮಾಡು ಯಾವುದು ಅಂತಾನೂ ಒಮ್ಮೆ ಕೇಳಿ.

ಅಮ್ಮ ಈಗಲೂ ರಾತ್ರಿ ಕಷಾಯ ಕುಡಿಯುತ್ತಾಳೆ. ಅದು ಸ್ವರತಂತುಗಳಿಗೆ ತಾಗಲ್ಲ ಅಂತ ವಿವರಿಸಿದರೆ, "ಗೊತ್ತು ಮಾರಾಯ, ನಂಗೆ ರುಚಿಗೆ ಬೇಕು" ಅಂತಾಳೆ.

ತಗಡು ಇನ್ನೂ ಹಾಗೇ ಇದೆ.