ನೆರಳುಗಳ ಸೈನ್ಯ

ಯುದ್ಧವೆಂದೊಡನೆ ವೀರರಸವನ್ನು ನಿರೀಕ್ಷಿಸುವುದು ಭಾರತಕಥೆಯನ್ನು ಕೇಳಿ ಬೆಳೆದ ಜನಕ್ಕೆ ಸಹಜವಾದ ರೂಢಿ. ಶಂಖಧ್ವನಿ, ಧ್ವಜ, ರಥ, ಎದುರೆದುರಾಗಿ ನಿಂತ ಎರಡು ಸೇನೆಗಳು, ಇವಿಲ್ಲದ ಕಾಳಗವನ್ನು ಮನಸ್ಸು ಕಾಳಗವೆಂದೇ ಒಪ್ಪದು. ಚಲಚ್ಚಿತ್ರಗಳೂ ಬಹುಮಟ್ಟಿಗೆ ಈ ರೂಢಿಯನ್ನೇ ಪೋಷಿಸಿಕೊಂಡು ಬಂದಿವೆ. ಶಂಖದ ಸ್ಥಾನದಲ್ಲಿ ತೋಪು, ರಥದ ಸ್ಥಾನದಲ್ಲಿ ವಿಮಾನ, ಅಷ್ಟೇ ಭೇದ. ಆದುದರಿಂದ ಫ್ರೆಂಚ್ ದಿಗ್ದರ್ಶಕನಾದ ಝಾನ್ ಪಿಯೆರ್ ಮೆಲ್ವಿಲ್ಲನು 1969ರಲ್ಲಿ ಹೊರತಂದ ‘ನೆರಳುಗಳ ಸೈನ್ಯ’ವೆಂಬ ಚಿತ್ರವನ್ನು ಮೊದಲ ಸಲ ನೋಡುವವನು ತುಸು ವಿಸ್ಮಿತನಾದರೆ ಆಶ್ಚರ್ಯವಿಲ್ಲ. ಇದು ಯುದ್ಧದ ಚಿತ್ರವೇ ಸರಿ. ಆದರೆ ಇದರಲ್ಲಿ ರಣರಂಗವಿಲ್ಲ, ಒಂದು ಸೇತುವೆಯೂ ಸಿಡಿಯುವುದಿಲ್ಲ. ಕೋಟು ತೊಟ್ಟ ಕೆಲವು ಮಂದಿ ಗಂಡಸರು, ಒಬ್ಬ ಹೆಂಗಸು, ಮಂಕು ಬೆಳಕಿನ ಬೀದಿಗಳು, ಮುಚ್ಚಿದ ಬಾಗಿಲುಗಳು. ಇಷ್ಟರಿಂದಲೇ ನೋಡುವವನ ಉಸಿರು ಎರಡು ಗಂಟೆಗೂ ಮಿಕ್ಕ ಕಾಲ ಬಿಗಿದು ನಿಲ್ಲುವುದು.

ಮೆಲ್ವಿಲ್ಲನ ಅಭಿಮಾನಿಯು ಸಾಮಾನ್ಯವಾಗಿ ಆತನ ಕಳ್ಳಕಾಕರ ಕಥೆಗಳ ದಾರಿಯಿಂದ ಬಂದವನು. 1967ರ ‘ಸಾಮುರಾಯ್’, 1970ರ ‘ಕೆಂಪು ವರ್ತುಲ’ ಮೊದಲಾದ ಚಿತ್ರಗಳಲ್ಲಿ ಪಾತ್ರಗಳು ಮಿತಭಾಷಿಗಳು. ಮಾಡುವ ಕೆಲಸವನ್ನು ಅವಸರವಿಲ್ಲದೆ, ಮೊದಲಿನಿಂದ ಕೊನೆಯವರೆಗೆ ತೋರಿಸುವುದೇ ಅಲ್ಲಿಯ ಪದ್ಧತಿ. ಈ ಚಿತ್ರದಲ್ಲಿಯೂ ಪದ್ಧತಿ ಅದೇ. ಆದರೆ ಅಲ್ಲಿ ಕೌಶಲವಾಗಿದ್ದುದು ಇಲ್ಲಿ ಸಾಕ್ಷ್ಯವಾಗುವುದು. ಏಕೆಂದರೆ ಮೆಲ್ವಿಲ್ಲನು ಈ ಲೋಕವನ್ನು ಗ್ರಂಥದಿಂದ ಮಾತ್ರ ಬಲ್ಲವನಲ್ಲ. 1917ರಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿದ ಆತನ ನಿಜನಾಮ ಗ್ರುಂಬಾಖ್. ಅಮೆರಿಕದ ಕಾದಂಬರಿಕಾರನಿಂದ ಎರವಲು ಪಡೆದ ‘ಮೆಲ್ವಿಲ್’ ಎಂಬುದು ಗುಪ್ತ ಹೋರಾಟದ ದಿನಗಳಲ್ಲಿ ಆತನು ಧರಿಸಿದ ಮರೆಹೆಸರು. ಆತನ ಅಣ್ಣ ಝಾಕನು 1942ರಲ್ಲಿ ಸ್ಪೇನ್ ದೇಶವನ್ನು ಸೇರಲೆಂದು ಪಿರಿನೀಸ್ ಪರ್ವತಗಳನ್ನು ದಾಟುತ್ತಿದ್ದಾಗ ಹತನಾದನು. ಕಥೆಯ ಮೂಲವಾದ ಝೋಸೆಫ್ ಕೆಸ್ಸೆಲನ ಗ್ರಂಥವು ಯುದ್ಧವು ಇನ್ನೂ ನಡೆಯುತ್ತಿರುವಾಗಲೇ, 1943ರಲ್ಲಿ ಪ್ರಕಟವಾಯಿತು. ಅದನ್ನು ಆ ಕಾಲದಲ್ಲಿಯೇ ಓದಿದ ಮೆಲ್ವಿಲ್ಲನು ಚಿತ್ರವಾಗಿ ರೂಪಿಸುವುದಕ್ಕೆ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಾದನು.

ಕಥೆಯು 1942ರ ಅಕ್ಟೋಬರಿನಲ್ಲಿ ಮೊದಲಾಗುತ್ತದೆ. ಫ್ರಾನ್ಸ್ ಎರಡು ವರ್ಷಗಳ ಹಿಂದೆಯೇ ಸೋತಿದೆ. ಮಾರ್ಷಲ್ ಪೇತಾನನ ಸರಕಾರವು ಗೆದ್ದವರೊಡನೆ ಕೈಜೋಡಿಸಿದೆ. ಲಿನೊ ವೆಂತುರಾ ಅಭಿನಯಿಸಿದ ಝೆರ್ಬಿಯೆ ಎಂಬವನು ಒಂದು ಗುಪ್ತ ಸಂಘಟನೆಯ ಮುಖಂಡ. ಸೆರೆಸಿಕ್ಕಿದ ಅವನು ಪ್ಯಾರಿಸಿನಲ್ಲಿ ಗೆಸ್ಟಾಪೊ ಪೋಲೀಸರ ಕಚೇರಿಯಿಂದ ತಪ್ಪಿಸಿಕೊಂಡು, ರಾತ್ರಿಯಲ್ಲಿ ಓಡೋಡಿ ಬಂದು ಒಂದು ಕ್ಷೌರದಂಗಡಿಯನ್ನು ಹೊಗುತ್ತಾನೆ. ಕ್ಷೌರಿಕನು ಮಾತಿಲ್ಲದೆ ಸಾಬೂನು ಹಚ್ಚುತ್ತಾನೆ. ಗೋಡೆಯ ಮೇಲೆ ಪೇತಾನನನ್ನು ಹೊಗಳುವ ಪತ್ರ. ಕತ್ತಿ ಕೊರಳಿನ ಮೇಲೆ ಸರಿಯುತ್ತಿದೆ. ಹಿಡಿದ ಕೈ ಮಿತ್ರನದೊ ಶತ್ರುವಿನದೊ ತಿಳಿಯದು. ಕ್ಷೌರ ಮುಗಿದ ಮೇಲೆ ಆ ಮನುಷ್ಯನು ಒಳಗಿನಿಂದ ಬೇರೆ ಬಣ್ಣದ ಒಂದು ಕೋಟನ್ನು ತಂದು ಮುಂದೆ ಹಿಡಿಯುತ್ತಾನೆ. ಅಷ್ಟೆ. ಒಂದು ದೇಶದ ಅಳಿದುಳಿದ ಮರ್ಯಾದೆಯೆಲ್ಲ ಆ ಹಳೆಯ ಕೋಟಿನಲ್ಲಿ ಅಡಗಿರುವಂತೆ ತೋರುತ್ತದೆ. ರಸಿಕನು ಈ ದೃಶ್ಯವನ್ನು ಹತ್ತು ಸಲ ನೋಡಿದರೂ, ಮುಂದಾಗುವುದು ತಿಳಿದಿದ್ದರೂ, ಅವನ ಕಾತರವು ಕುಂದದು.

ತಿಳಿದಿದ್ದೂ ಕಾತರವೇಕೆ? ಚಿತ್ರದ ಹಿರಿಮೆಯನ್ನು ಅರಿಯಲು ಇದಕ್ಕೆ ಉತ್ತರವನ್ನು ಕಾಣಬೇಕು. ಸಾಧಾರಣವಾದ ರೋಮಾಂಚಕ ಕಥೆಯಲ್ಲಿ ಏಳುವ ಪ್ರಶ್ನೆ ‘ಮುಂದೇನಾಗುವುದು?’ ಎಂಬುದು. ಉತ್ತರ ದೊರೆತೊಡನೆ ಕಥೆಯು ಹಿಂಡಿದ ಕಬ್ಬಿನಂತೆ ಬರಿಯ ಸಿಪ್ಪೆ. ಮೆಲ್ವಿಲ್ಲನು ಕೇಳುವುದು ಬೇರೆ: ‘ಈ ಮನುಷ್ಯನು ಏನು ಮಾಡಬೇಕಾಗಿ ಬರುವುದು? ಮಾಡಿದ ಮೇಲೆ ಏನಾಗಿ ಉಳಿಯುವನು?’ ಮಾರ್ಸೇಲಿನ ಒಂದು ಬಾಡಿಗೆ ಮನೆಗೆ ಝೆರ್ಬಿಯೆಯೂ ಸಂಗಡಿಗರೂ ತಮಗೆ ದ್ರೋಹ ಮಾಡಿದ ಎಳೆಯ ಯುವಕನೊಬ್ಬನನ್ನು ಕೊಲ್ಲಲೆಂದು ಕರೆತರುತ್ತಾರೆ. ಪಕ್ಕದ ಮನೆಗೆ ಅದೇ ತಾನೇ ಯಾರೋ ಒಕ್ಕಲು ಬಂದಿದ್ದಾರೆ, ಗೋಡೆ ತೆಳುವು, ಗುಂಡು ಹಾರಿಸುವಂತಿಲ್ಲ. ಹಿಂದೆಂದೂ ಇಂಥ ಕಾರ್ಯವನ್ನು ಮಾಡದ ಮೂವರು ಅವನ ಎದುರಿನಲ್ಲಿಯೇ ಉಪಾಯವನ್ನು ಚರ್ಚಿಸಿ, ಕಡೆಗೆ ಅಡುಗೆಮನೆಯ ಒಂದು ಬಟ್ಟೆಯಿಂದ ಅವನ ಕೊರಳನ್ನು ಬಿಗಿಯುತ್ತಾರೆ. ಕ್ಯಾಮರಾ ಮುಖ ತಿರುಗಿಸುವುದಿಲ್ಲ. ಈ ದೃಶ್ಯದಲ್ಲಿ ವೀರವೆಲ್ಲಿ? ಸಾಯುವವನ ಕಣ್ಣೀರು, ಕೊಲ್ಲುವವರ ನಾಚಿಕೆ; ಭಯಾನಕವೂ ಕರುಣವೂ ಬೆರೆತ ಯಾವುದೋ ಒಂದು ಭಾವ. ಲಕ್ಷಣಗ್ರಂಥಗಳಲ್ಲಿ ಅದಕ್ಕೆ ಹೆಸರನ್ನು ಹುಡುಕುವುದು ಕಷ್ಟ.

ವೀರವು ಇಲ್ಲವೆಂದಲ್ಲ, ಅದು ಯಾರಿಗೂ ಕಾಣದ ಕಡೆಯಲ್ಲಿದೆ. ಫೆಲಿಕ್ಸನೆಂಬ ಸಂಗಡಿಗನು ಸೆರೆಸಿಕ್ಕಿ ಚಿತ್ರಹಿಂಸೆಗೆ ಗುರಿಯಾದಾಗ, ಝಾನ್ ಫ್ರಾನ್ಸ್ವಾ ಎಂಬ ತರುಣನು ತನ್ನ ಮೇಲೆ ತಾನೇ ಹೆಸರಿಲ್ಲದ ದೂರುಪತ್ರವನ್ನು ಬರೆದು, ಬೇಕೆಂದೇ ಅದೇ ಸೆರೆಮನೆಯನ್ನು ಸೇರುತ್ತಾನೆ. ಬಿಡಿಸುವ ಯತ್ನವು ವಿಫಲವಾದ ಮೇಲೆ ಅವನು ಗೆಳೆಯನಿಗೆ ಕೊಡಬಲ್ಲದು ವಿಷದ ಗುಳಿಗೆಯೊಂದೇ. ಹೊರಗಿನವರಿಗೆ ಈ ಸಂಗತಿಯು ತಿಳಿಯುವುದೇ ಇಲ್ಲ. ಅವರ ಪಾಲಿಗೆ ಅವನು ಕೆಲಸವನ್ನು ಬಿಟ್ಟುಹೋದವನು. ಕೀರ್ತಿಯ ಆಸೆಯನ್ನೂ ಬಿಟ್ಟ ತ್ಯಾಗವನ್ನು ಇಷ್ಟು ಸಪ್ಪೆಯಾಗಿ, ಇಷ್ಟು ಘನವಾಗಿ ತೋರಿಸಿದ ಚಿತ್ರಗಳು ವಿರಳ.

ಅತಿ ಕಠಿನವಾದ ಪರೀಕ್ಷೆ ಕಡೆಗೆ ಬರುತ್ತದೆ. ಸಿಮೋನ್ ಸಿನ್ಯೋರೆ ಅಭಿನಯಿಸಿದ ಮತಿಲ್ದಳು ಸಂಘಟನೆಯ ಪ್ರಾಣವೆಂದರೂ ಸಲ್ಲುವುದು. ಮಗಳ ಒಂದು ಭಾವಚಿತ್ರವನ್ನು ಕೈಚೀಲದಲ್ಲಿಟ್ಟುಕೊಂಡದ್ದೊಂದೇ ಅವಳ ತಪ್ಪು. ಅದನ್ನು ಹಿಡಿದು ಶತ್ರುಗಳು ಅವಳನ್ನು ಬಾಗಿಸುತ್ತಾರೆ. ಆಗ ಅವಳಿಂದಲೇ ಪ್ರಾಣವುಳಿದವರು, ಅವಳನ್ನು ಪೂಜ್ಯಳೆಂದು ಬಗೆದವರು, ಹಾಡುಹಗಲಿನಲ್ಲಿ ಬೀದಿಯ ಮೇಲೆ ಅವಳನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಅವಳ ಕಡೆಯ ನೋಟದಲ್ಲಿರುವುದು ಬೆರಗೊ, ಬೇಡಿಕೆಯೊ, ಸಮ್ಮತಿಯೊ? ಮೆಲ್ವಿಲ್ಲನು ಹೇಳುವುದಿಲ್ಲ. ಅದುವರೆಗೆ ದಿಗ್ದರ್ಶಕನ ಚಾತುರ್ಯಕ್ಕೆ ತಲೆದೂಗುತ್ತಿದ್ದ ಅಭಿಮಾನಿಯು ಇಲ್ಲಿ ತಲೆ ತಗ್ಗಿಸುವನು. ಇಂಥದನ್ನು ಕಂಡು ‘ಸೊಗಸಾಗಿದೆ’ ಎನ್ನುವುದು ಉಚಿತವೆ? ಮೆಚ್ಚಿಕೆಯನ್ನೇ ಹೀಗೆ ಕಟಕಟೆಯಲ್ಲಿ ನಿಲ್ಲಿಸುವುದರಿಂದಲೇ ಈ ಕೃತಿಯು ಮೆಚ್ಚಿಕೆಗೆ ಅರ್ಹವಾಗಿದೆ.

ಹೊರಬಂದ ಕಾಲದಲ್ಲಿ ಫ್ರಾನ್ಸಿನ ಕೆಲವು ವಿಮರ್ಶಕರು ಇದನ್ನು ದ ಗಾಲನ ಪಕ್ಷದ ಸ್ತುತಿಯೆಂದು ಹಳಿದರು. 1968ರ ಕ್ಷೋಭೆಯ ಬಿಸಿ ಆಗ ಇನ್ನೂ ಆರಿರಲಿಲ್ಲ. ಅಮೆರಿಕದ ಚಿತ್ರಮಂದಿರಗಳಿಗೆ ಇದು ಬಂದದ್ದು 2006ರಲ್ಲಿ. ಆಗ ಅಲ್ಲಿಯ ವಿಮರ್ಶಕರು ಇದನ್ನು ಆ ವರ್ಷದ ಅತ್ಯುತ್ತಮ ಚಿತ್ರಗಳಲ್ಲಿ ಎಣಿಸಿದರು. 1973ರಲ್ಲಿಯೇ ತೀರಿಹೋದ ಮೆಲ್ವಿಲ್ಲನು ಆ ಗೌರವವನ್ನು ಕಾಣಲಿಲ್ಲ.

ಕಥೆಯ ನಡುವೆ ಒಂದು ಪ್ರಸಂಗವುಂಟು. ಮರಣದಂಡನೆಗೆ ಗುರಿಯಾದ ಸೆರೆಯಾಳುಗಳನ್ನು ಒಂದು ಉದ್ದನೆಯ ಕೋಣೆಯಲ್ಲಿ ನಿಲ್ಲಿಸಿ, ಓಡಿ ಆಚೆಯ ಗೋಡೆಯನ್ನು ಮುಟ್ಟಿದವನಿಗೆ ಸದ್ಯಕ್ಕೆ ಜೀವದಾನವೆಂದು ಅಧಿಕಾರಿಯು ಸಾರುತ್ತಾನೆ. ಓಡಬಾರದೆಂದು ಝೆರ್ಬಿಯೆ ನಿಶ್ಚಯಿಸುತ್ತಾನೆ. ಆದರೂ ಕಾಲ ಬಳಿ ಗುಂಡುಗಳು ಬಿದ್ದಾಗ ಓಡುತ್ತಾನೆ. ಹೊಗೆಯ ಮರೆಯಲ್ಲಿ ಸಂಗಡಿಗರು ಇಳಿಬಿಟ್ಟ ಹಗ್ಗವು ಅವನನ್ನು ಉಳಿಸುತ್ತದೆ. ಆದರೆ ಓಡಿದೆನಲ್ಲಾ ಎಂಬ ಮುಳ್ಳು ಅವನೊಳಗೆ ಮುರಿದು ಉಳಿಯುತ್ತದೆ. ಚಿತ್ರದ ಅಂತ್ಯದಲ್ಲಿ, ಬದುಕುಳಿದಂತೆ ಕಂಡವರ ಗತಿಯನ್ನು ಒಂದೊಂದು ವಾಕ್ಯದಲ್ಲಿ ತೆರೆಯ ಮೇಲೆ ಬರೆದು ತೋರಿಸುತ್ತಾರೆ. ಝೆರ್ಬಿಯೆಯ ಪಾಲಿಗೆ ಬಂದಿರುವ ಸಂಗತಿ ಇಷ್ಟೇ: 1944ರ ಫೆಬ್ರವರಿ 13ರಂದು, ಈ ಸಲ ಓಡುವುದಿಲ್ಲವೆಂದು ಅವನು ತೀರ್ಮಾನಿಸಿದನು.