ಎಂಟು ಡ್ರಮ್, ಒಂದೇ ಸದ್ದು

ನಮ್ಮ ಕಾಲೇಜಿನ ಬ್ಯಾಂಡ್‌ಸೆಟ್‌ನಲ್ಲಿ ಸೈಡ್ ಡ್ರಮ್ ಬಾರಿಸುವವರಲ್ಲಿ ನಾನೂ ಒಬ್ಬ. ಎಲ್ಲರಿಗಿಂತ ಜೋರಾಗಿ, ವೇಗವಾಗಿ ಬಾರಿಸುವವನು ನಾನೇ ಎಂಬ ಹೆಮ್ಮೆ ನನಗಿತ್ತು. ಸ್ವಾತಂತ್ರ್ಯೋತ್ಸವದ ತಾಲೀಮಿನಲ್ಲಿ ಪದೇ ಪದೇ ತಾಳ ತಪ್ಪಿದಾಗ, ಬಾಸ್ ಡ್ರಮ್ ಹೊತ್ತಿದ್ದ ಪ್ರಥಮ ಪಿಯುಸಿಯ ಹುಡುಗನನ್ನು ಎಲ್ಲರೆದುರು ಗದರಿಸಿದೆ. ಅವನು ಏನೂ ಹೇಳದೆ ತಲೆ ತಗ್ಗಿಸಿದ.

ಆ ದಿನಗಳಲ್ಲೇ ನನಗೆ ಅಮೆರಿಕದ ಡ್ರಮ್‌ಲೈನ್‌ಗಳ ವಿಡಿಯೊ ನೋಡುವ ಹುಚ್ಚು ಹಿಡಿಯಿತು. ಅಲ್ಲಿ ಕಪ್ಪು ಜನಾಂಗದವರನ್ನು ಬಿಳಿಯರ ಕಾಲೇಜುಗಳಿಗೆ ಸೇರಿಸಿಕೊಳ್ಳದ ಕಾಲದಲ್ಲಿ ಅವರಿಗಾಗಿಯೇ ಹುಟ್ಟಿದ ಕಾಲೇಜುಗಳಿವೆ. 1887ರಲ್ಲಿ ಆರಂಭವಾದ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯ ಅವುಗಳಲ್ಲೊಂದು. 1946ರಲ್ಲಿ ವಿಲಿಯಂ ಫಾಸ್ಟರ್ ಅಲ್ಲಿನ ಬ್ಯಾಂಡಿನ ಹೊಣೆ ಹೊತ್ತರು. ಆ ಬ್ಯಾಂಡ್ 1989ರಲ್ಲಿ ಫ್ರೆಂಚ್ ಕ್ರಾಂತಿಯ 200ನೇ ವರ್ಷದ ಮೆರವಣಿಗೆಗೆ ಪ್ಯಾರಿಸ್‌ಗೂ ಹೋಗಿತ್ತು.

ಮೊದಲು ನನ್ನನ್ನು ಸೆಳೆದದ್ದು ಎದೆಮಟ್ಟಕ್ಕೆ ಏಳುವ ಮೊಣಕಾಲು, ಗಿರ್ರನೆ ತಿರುಗುವ ತಾಳಗಳು. ನೋಡುತ್ತಾ ನೋಡುತ್ತಾ ಅಳೆಯುವುದನ್ನು ಕಲಿತೆ. ಕಣ್ಣು ಮುಚ್ಚಿದರೆ ಎಂಟು ಡ್ರಮ್ ಒಂದೇ ಡ್ರಮ್ಮಿನಂತೆ ಕೇಳಬೇಕು. ಎಲ್ಲರ ಕೋಲೂ ಒಂದೇ ಎತ್ತರಕ್ಕೆ ಏಳಬೇಕು. ಮೆಲ್ಲಗೆ ಬಾರಿಸುವಾಗಲೂ ಹಿಡಿತ ಸಡಿಲವಾಗಬಾರದು, ಏಕೆಂದರೆ ಗದ್ದಲದಲ್ಲಿ ಅಡಗುವ ತಪ್ಪು ಅಲ್ಲಿ ಬಯಲಾಗುತ್ತದೆ. ಬಾಸ್ ಡ್ರಮ್ಮುಗಳ ಗಾತ್ರ ಬೇರೆ ಬೇರೆ. ಒಬ್ಬೊಬ್ಬರದು ಒಂದೊಂದು ಪೆಟ್ಟು. ಒಬ್ಬ ತಡಮಾಡಿದರೂ ಇಡೀ ಸಾಲು ಮುರಿಯುತ್ತದೆ.

ಒಂದು ಸಂಜೆ ನಮ್ಮ ತಾಲೀಮನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ಕಣ್ಣು ಮುಚ್ಚಿ ಕೇಳಿದೆ. ಒಂದು ಸೈಡ್ ಡ್ರಮ್ ಪ್ರತಿ ಸಲವೂ ಮುಂದೆ ಓಡುತ್ತಿತ್ತು. ಅದು ನನ್ನದು! ಬಾಸ್ ಡ್ರಮ್ ಮಾತ್ರ ಹೆಜ್ಜೆಗೆ ಸರಿಯಾಗಿ ಬೀಳುತ್ತಿತ್ತು.

ಮರುದಿನ, ಗದರಿಸಿದ ಜಾಗದಲ್ಲೇ, ಎಲ್ಲರೆದುರು ಆ ಹುಡುಗನ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣ" ಎಂದ. ನನಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಆಮೇಲೆ ಹಳೆಯ ನೋಟ್‌ಬುಕ್ಕಿನ ಮೇಲೆ ಪ್ಯಾರಡಿಡಲ್ ಅಭ್ಯಾಸ ಶುರುಮಾಡಿದೆ: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ, ನಿಧಾನವಾಗಿ. ವೇಗ ಹೆಚ್ಚಿಸುವುದಕ್ಕಿಂತ ತಡೆದು ಹಿಡಿಯುವುದೇ ಕಷ್ಟವೆಂದು ಆಗ ತಿಳಿಯಿತು.

ಆಗಸ್ಟ್ 15ರಂದು ಪಥಸಂಚಲನ ಮುಗಿದ ಮೇಲೆ ಗೆಳೆಯನೊಬ್ಬ ಬಂದು, "ಬ್ಯಾಂಡ್ ಚೆನ್ನಾಗಿತ್ತು ಮಾರಾಯ, ಆದ್ರೆ ನಿನ್ನ ಡ್ರಮ್ ಕೇಳಿಸ್ಲೇ ಇಲ್ಲ" ಎಂದ.

ನನಗೆ ಈವರೆಗೆ ಸಿಕ್ಕಿದ ದೊಡ್ಡ ಹೊಗಳಿಕೆ ಅದು.